ಇರುವೆ ಸಾಕಿದ ಹರಳು ಗಿಡ

ನನ್ನ ಬಾಯಿ ಸ್ವಲ್ಪ ಜೋರು. ಮದುವೆಯಾಗಿ ದಿಬ್ಬೂರಹಳ್ಳಿಗೆ ಬಂದ ವಾರದಲ್ಲೇ ಇದು ಊರಿಗೆಲ್ಲ ಗೊತ್ತಾಯಿತು. ನಗರಗೆರೆ ಕಡೆಯ ಹೆಣ್ಣುಮಕ್ಕಳು ಬೈಯುವುದನ್ನು ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುತ್ತಾರೆ ಎಂದು ನನ್ನ ಗಂಡ ಚೆನ್ನರಾಯಪ್ಪ ಇವತ್ತಿಗೂ ಹಂಗಿಸುತ್ತಾರೆ. ಬೈಯಲು ಕಾರಣವಿದ್ದರೆ ಯಾವ ಭಾಷೆಯಾದರೇನು? ಇರಲಿ, ನಾನೀಗ ಹೇಳಬೇಕೆಂದಿರುವುದು ಬಾಯೇ ಇಲ್ಲದ ಒಂದು ಗಿಡದ ವಿಷಯ. ಅದು ನನ್ನ ಕಣ್ಣೆದುರೇ ಮಾಡಿದ ಕೆಲಸವನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆಣೆ ಹೋಗಿ ನಯಾಪೈಸೆ ಬಂದ ವರ್ಷ ನನ್ನ ಮದುವೆ. ಮದುವೆಗೆ ಮುಂಚೆಯೇ ನನ್ನಮ್ಮ ರಾಮಲಕ್ಷ್ಮಮ್ಮ ಕಾಯಿಲೆ ಬಿದ್ದು ತೀರಿಕೊಂಡಿದ್ದಳು. ಅಪ್ಪ ಹಿತ್ತಿಲನ್ನು ಸಮ ಮಾಡಿಸಿ ಅಲ್ಲಿ ದನದ ಕೊಟ್ಟಿಗೆ ಕಟ್ಟಿಸಲು ಹೊರಟಿದ್ದರು. ಆ ಹಿತ್ತಿಲಲ್ಲಿ ಅಮ್ಮ ಬೆಳೆಸಿದ ಹರಳು ಗಿಡಗಳಿದ್ದವು. ಅವಳು ಪ್ರತಿ ವರ್ಷ ಅದರ ಬೀಜ ಹುರಿದು, ಕುಟ್ಟಿ, ಕುದಿಸಿ, ತಾನೇ ಹರಳೆಣ್ಣೆ ತೆಗೆಯುತ್ತಿದ್ದಳು. ಗಿಡ ಕಡಿಯುವ ಹಿಂದಿನ ದಿನ ನಾನು ಹೋಗಿ ಒಣಗಿದ ಗೊಂಚಲುಗಳನ್ನು ಬಿಡಿಸಿ, ಚುಕ್ಕೆ ಚುಕ್ಕೆಯ ಆ ಬೀಜಗಳನ್ನು ಸೆರಗಿಗೆ ಗಂಟು ಹಾಕಿಕೊಂಡೆ. ಗಂಡನ ಮನೆಗೆ ನಾನು ತಂದ ಅಮ್ಮನ ಆಸ್ತಿ ಅದೊಂದೇ.

ನಮ್ಮ ಕಡೆ ಮೊದಲ ಬಾಣಂತನಕ್ಕೆ ಹರಳೆಣ್ಣೆ ತವರಿನಿಂದ ಬರಬೇಕು. ಹುಟ್ಟಿದ ಕೂಸಿನ ನೆತ್ತಿಗೆ ಹಾಕುವ ಮೊದಲ ಎಣ್ಣೆ ಅದು. ಎರಡನೆಯ ವರ್ಷ ನಾನು ಬಸುರಿಯಾದಾಗ, ಬಾವಿಯ ಹತ್ತಿರ ಪಕ್ಕದ ಮನೆಯ ಮಂಗಮ್ಮ ನನ್ನನ್ನು ನೋಡಿ ಲೊಚಗುಟ್ಟಿದರು.

"ಪಾಪ, ತಾಯಿ ಇಲ್ಲದ ಹುಡುಗಿ. ಎಣ್ಣೆ ಯಾರು ಕಳಿಸ್ತಾರೆ? ನಾನೇ ಒಂದಿಷ್ಟು ಕೊಡ್ತೀನಿ ಬಿಡಮ್ಮ" ಅಂದರು.

ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದಕ್ಕೇ ನನಗೆ ಇನ್ನೂ ಹೆಚ್ಚು ಉರಿಯಿತು. ಕೆಟ್ಟ ಮನಸ್ಸಿನಿಂದ ಅಂದಿದ್ದರೆ ತಿರುಗಿಸಿ ನಾಲ್ಕು ಮಾತು ಅನ್ನಬಹುದಿತ್ತು.

"ಬೇಡ ಮಂಗಮ್ಮಕ್ಕ. ನಮ್ಮಮ್ಮನೇ ಕಳಿಸ್ತಾಳೆ" ಅಂದುಬಿಟ್ಟೆ.

ಬಾವಿಯ ಸುತ್ತ ಇದ್ದ ಹೆಂಗಸರೆಲ್ಲ ನನ್ನ ಮುಖ ನೋಡಿದರು. ಬಸುರಿಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ನಾನು ಕೊಡ ಎತ್ತಿಕೊಂಡು ಬಂದೆ. ಬಾಯಿಂದ ಬಂದ ಮಾತು ಬಂದಾಗಿತ್ತು, ಇನ್ನು ಅದನ್ನು ಉಳಿಸಿಕೊಳ್ಳುವ ದಾರಿ ಅಮ್ಮನ ಬೀಜಗಳಲ್ಲಿ ಮಾತ್ರ ಇತ್ತು.

ರಾಗಿ ಹೊಲದ ನಡುವೆ ಅವರೆ, ತೊಗರಿ, ಹರಳು ಹಾಕುವ ಸಾಲಿಗೆ ನಮ್ಮಲ್ಲಿ ಅಕ್ಕಡಿ ಸಾಲು ಎನ್ನುತ್ತಾರೆ. ರಾಗಿ ಮನೆಯದು, ಅಕ್ಕಡಿ ಸಾಲಿನಲ್ಲಿ ಬಂದದ್ದು ಹೆಂಗಸರದ್ದು. ನಮ್ಮ ಹೊಲ ಮನೆಯ ಹಿಂಬದಿಯಿಂದಲೇ ಶುರುವಾಗುತ್ತಿತ್ತು. ಮೊದಲ ಅಕ್ಕಡಿ ಸಾಲನ್ನು ಅತ್ತೆ ನನಗೆ ಬಿಟ್ಟುಕೊಟ್ಟರು. ಮುಂಗಾರು ಬಿದ್ದ ಮೇಲೆ ಅಮ್ಮನ ಬೀಜವನ್ನೆಲ್ಲ ಅಲ್ಲಿ ಊರಿದೆ. ಒಂದನ್ನೂ ಹಿಂದಿಟ್ಟುಕೊಳ್ಳಲಿಲ್ಲ. ಗಿಡ ನನ್ನ ಎದೆಯ ಎತ್ತರಕ್ಕೆ ಬಂದು ಅಗಲವಾದ ಎಲೆ ಬಿಟ್ಟಾಗ, ನಗರಗೆರೆಯ ಹಿತ್ತಿಲಲ್ಲೇ ನಿಂತ ಹಾಗೆ ಅನ್ನಿಸುತ್ತಿತ್ತು.

ನಮ್ಮತ್ತೆ ಅಮ್ಮಾಜಮ್ಮನವರದು ರೇಷ್ಮೆ ಹುಳದ ಲೋಕ. ಮನೆಯಲ್ಲಿ ಗಾಳಿ ಬೆಳಕು ಚೆನ್ನಾಗಿದ್ದ ಹಿಂದಿನ ಕೋಣೆ ಪೂರ್ತಿ ಹುಳಕ್ಕೆ. ನಾವು ಮನುಷ್ಯರು ನಡುಮನೆಯಲ್ಲಿ ಒತ್ತೊತ್ತಾಗಿ ಮಲಗಬೇಕು. ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟ ಸ್ಟಾಂಡು, ಅದರ ಒಂದೊಂದು ಕಾಲಿನ ಕೆಳಗೂ ನೀರು ತುಂಬಿದ ಮಣ್ಣಿನ ಬಟ್ಟಲು. ಇರುವೆ ಹತ್ತಬಾರದು ಎಂದು ಆ ನೀರು. ಒಂದು ತಟ್ಟೆ ಮರಿಹುಳಕ್ಕೆ ಇರುವೆ ನುಗ್ಗಿದರೆ ಹೊತ್ತು ಏರುವುದರೊಳಗೆ ಬರೀ ಸೊಪ್ಪಿನ ಕಡ್ಡಿ ಉಳಿದಿರುತ್ತದೆ.

ಅತ್ತೆಯದು ಇನ್ನೊಂದು ಕಟ್ಟು. ಹುಳ ಮನೆಯಲ್ಲಿರುವಷ್ಟು ದಿನ ನಾವು ಯಾವ ಹುಳವನ್ನೂ ಕೊಲ್ಲಬಾರದು. ಅವರೆಕಾಯಿ ಸುಲಿಯುವಾಗ ಒಳಗೊಂದು ಹುಳ ಕಂಡರೂ ಎಲೆಯ ಮೇಲಿಟ್ಟು ಆಚೆ ಬಿಟ್ಟು ಬರಬೇಕು. ಕೊಂದರೆ ನಮ್ಮ ಹುಳಕ್ಕೆ ತಟ್ಟುತ್ತದೆ ಎಂದು ಅವರ ನಂಬಿಕೆ. ಅವರ ಅತ್ತೆ ಹೇಳಿದ್ದಂತೆ, ಅವರಿಗೆ ಅವರ ಅತ್ತೆ ಹೇಳಿದ್ದಂತೆ. ನಾನು ಒಮ್ಮೆ ಕೇಳಿದೆ.

"ಹಂಗಾದ್ರೆ ಇರುವೆ? ಅದನ್ನ ಮಾತ್ರ ಕೊಲ್ಲಬಹುದಾ ಅತ್ತೆ?"

"ಇರುವೆ ಕಳ್ಳ ಕಣಮ್ಮ. ಕಳ್ಳನ್ನ ಹೊಡೆದ್ರೆ ಪಾಪ ಬರಲ್ಲ" ಅಂದರು.

ಆ ವರ್ಷ ಮಳೆ ಬಿಟ್ಟ ಒಂದು ಬೆಳಿಗ್ಗೆ ಆ ಕಳ್ಳರು ಬಂದೇಬಿಟ್ಟರು. ಸೊಪ್ಪು ಹಾಕುವಾಗ ಒಂದು ಹಿಪ್ಪುನೇರಳೆ ಕಡ್ಡಿ ಜಾರಿ, ಗೋಡೆಗೂ ಸ್ಟಾಂಡಿಗೂ ನಡುವೆ ಸಿಕ್ಕಿಕೊಂಡಿತ್ತು. ಅದೇ ಸೇತುವೆ. ನಾವು ಬಾಗಿಲು ತೆಗೆಯುವ ಹೊತ್ತಿಗೆ ಕೆಳಗಿನ ಒಂದು ತಟ್ಟೆ ಕಪ್ಪಾಗಿತ್ತು. ಅತ್ತೆ ಅಳಲಿಲ್ಲ, ಕೂಗಲಿಲ್ಲ. ಆ ತಟ್ಟೆಯನ್ನು ಅಂಗಳಕ್ಕೆ ತಂದು ಕೊಡವಿ, ಇರುವೆಯ ಸಾಲನ್ನು ಹಿಡಿದು ಗೋಡೆಯ ಬಿರುಕಿನ ಮೂಲಕ, ಹಿತ್ತಿಲ ಕಲ್ಲುಗಳ ಮೇಲೆ, ಅದು ಹೋದ ಕಡೆಯೆಲ್ಲ ಹೋದರು. ಸಾಲು ನನ್ನ ಹರಳು ಗಿಡಗಳ ಬುಡಕ್ಕೆ ಹೋಗಿ ನಿಂತಿತು. ಅಲ್ಲಿ ಗೂಡು. ಗಿಡದ ಮೇಲೆ ನೋಡಿದರೆ ಅಲ್ಲೂ ಇರುವೆ, ಹತ್ತುವವು ಇಳಿಯುವವು ಸಂತೆಯ ಹಾಗೆ.

ಅತ್ತೆ ಹಂಡೆಯಲ್ಲಿ ನೀರು ಕಾಯಿಸಿ, ಅರಿಸಿನ ಕಲಸಿ, ಸಾಲಿನ ಉದ್ದಕ್ಕೂ ಒಂದು ಗೂಡು ಬಿಡದೆ ಸುರಿದರು. ನಾನು ಹಿಂದೆ ಹಿಂದೆ ಓಡಾಡಿ, "ಅತ್ತೆ, ಬೇರು ಬೆಂದುಹೋಗ್ತದೆ, ಪಕ್ಕಕ್ಕೆ ಹುಯ್ಯಿರಿ" ಎಂದು ಗೋಗರೆದೆ. ಗಿಡಗಳನ್ನೇ ಕಡಿಸಿಬಿಡುತ್ತಾರೇನೋ ಎಂಬ ಹೆದರಿಕೆ ನನಗೆ. ಅವರು ಒಂದು ಸಲ ನನ್ನ ಹೊಟ್ಟೆಯ ಕಡೆ ನೋಡಿದರು.

"ಬಸುರಿ ನೆಟ್ಟ ಗಿಡಕ್ಕೆ ನಾನು ಕತ್ತಿ ಹಾಕಲ್ಲ. ಆದ್ರೆ ಇನ್ನೊಂದು ಸಲ ಇಲ್ಲಿ ಇರುವೆ ಕಂಡ್ರೆ, ಇದೇ ನೀರು" ಅಂದರು.

ಇರುವೆ ಹೋದವು. ಉಳಿದ ಹುಳ ಮೇವು ಬಿಟ್ಟು ಹಣ್ಣಾಗಿ, ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಗೆ ಹತ್ತಿ, ಗೂಡು ಕಟ್ಟಿದವು. ಕೋಣೆ ತೊಳೆದು, ಹೊಸ ಮರಿ ತಂದು ಹಾಕಿದೆವು. ಹೊಸ ಮರಿ ಮನೆಗೆ ಬಂದ ವಾರದಲ್ಲೇ ನನ್ನ ಹರಳು ಗಿಡಕ್ಕೆ ಕೊಂಡಿಹುಳ ಬಿತ್ತು.

ಕೊಂಡಿಹುಳ ನಡೆಯುವುದನ್ನು ನೋಡಬೇಕು ನೀವು. ಬೆನ್ನನ್ನು ಬಿಲ್ಲು ಮಾಡಿ, ಹಿಂದಿನ ಕಾಲನ್ನು ಮುಂದಿನ ಕಾಲಿನ ಹತ್ತಿರ ತಂದು, ಮತ್ತೆ ಮೈ ಚಾಚಿ, ಗಿಡವನ್ನೆಲ್ಲ ಗೇಣು ಹಾಕಿ ಅಳೆದುಕೊಂಡೇ ಹೋಗುತ್ತದೆ. ಅಳೆದದ್ದನ್ನೆಲ್ಲ ತಿನ್ನುತ್ತದೆ. ಮೇಕೆ ಮೂಸಿ ಮುಖ ತಿರುಗಿಸುವ ಎಲೆ ಅದು. ಹಸಿ ಬೀಜ ತಿಂದರೆ ಮನುಷ್ಯರಿಗೇ ಉಳಿಗಾಲವಿಲ್ಲ. ಅಂಥ ವಿಷದ ಗಿಡವನ್ನು ಈ ಹುಳಗಳು ಮದುವೆ ಊಟದ ಹಾಗೆ ಉಂಡವು. ಎಲೆಗಳಲ್ಲಿ ನರ ಮಾತ್ರ ಉಳಿಯಿತು, ಆಮೇಲೆ ತೊಟ್ಟು ಮಾತ್ರ ಉಳಿಯಿತು. ಆಗಷ್ಟೇ ಹೂಗೊಂಚಲು ಮೂಡುತ್ತಿದ್ದ ಕಾಲ. ಎಲೆ ಇಲ್ಲದೆ ಕಾಯಿ ಎಲ್ಲಿಂದ ಬರಬೇಕು?

ನನ್ನ ಗಂಡ ಶಿಡ್ಲಘಟ್ಟದಿಂದ ಹುಳ ಸಾಯಿಸುವ ಬಿಳಿ ಪುಡಿ ತಂದು ಎರಚುತ್ತೇನೆ ಅಂದರು. ಅತ್ತೆ ಬಿಡಲಿಲ್ಲ. ಗಾಳಿಗೆ ಪುಡಿ ಹಾರಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ ಮನೆಯ ಹುಳ ಅಷ್ಟೂ ಸತ್ತವು. ಅದು ನ್ಯಾಯವಾದ ಮಾತೇ. ಕೈಯಲ್ಲಿ ಹಿಡಿದು ಹೊಸಕೋಣವೆಂದರೆ ಹುಳ ಕೊಲ್ಲಬಾರದೆಂಬ ಕಟ್ಟು. ನಾನು ಪುಟ್ಟಿ ಹಿಡಿದು, ಒಂದೊಂದೇ ಕೊಂಡಿಹುಳ ಆರಿಸಿ, ಕೆರೆಯಂಗಳದ ಆಚೆ ಹೊತ್ತುಕೊಂಡು ಹೋಗಿ ಬಿಟ್ಟು ಬರತೊಡಗಿದೆ.

"ಏನಮ್ಮ, ಬೀಗರನ್ನ ಊರಿಗೆ ಬಿಟ್ಟು ಬಂದೆಯಾ?" ಎಂದು ಗಂಡ ನಗುತ್ತಿದ್ದರು.

"ನಗ್ರಿ, ನಗ್ರಿ. ನಿಮ್ಮ ಮಗು ಬೋಳು ನೆತ್ತಿಗೆ ಎಣ್ಣೆ ಇಲ್ಲದೆ ಕೂತಾಗಲೂ ಹಿಂಗೇ ನಗ್ರಿ" ಅಂದೆ. ಮಾರನೆಯ ದಿನದಿಂದ ಅವರೂ ಒಂದು ಪುಟ್ಟಿ ಹಿಡಿದರು. ಆದರೂ ನಾವು ಆರಿಸಿದ್ದಕ್ಕಿಂತ ಹೆಚ್ಚು ಮತ್ತೆ ಹುಟ್ಟುತ್ತಿದ್ದವು.

ಒಂದು ಮಧ್ಯಾಹ್ನ ನನಗೆ ಸಾಕಾಗಿಹೋಯಿತು. ಸೊಂಟ ನೋವು, ಬಿಸಿಲು, ಪುಟ್ಟಿಯ ತುಂಬ ಹರಿದಾಡುವ ಹುಳ. ಸಾಲಿನ ನಡುವೆ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅತ್ತು, ಗಿಡವನ್ನೇ ಬೈದೆ. "ಮೈಯೆಲ್ಲ ವಿಷ ಇಟ್ಕೊಂಡು ನಿಂತಿದ್ದೀಯಲ್ಲ, ಯಾತಕ್ಕೆ ಬಂತು? ನಮ್ಮಮ್ಮ ನಿನ್ನ ಬೆಳೆಸಿದ್ದು ಇದಕ್ಕೇನಾ? ನಾಚಿಕೆ ಆಗಲ್ವಾ ನಿಂಗೆ?" ಎಂದೆಲ್ಲ ತೆಲುಗು ಕನ್ನಡ ಎರಡರಲ್ಲೂ ಬೈದು ಮುಗಿಸಿದೆ. ಯಾರಾದರೂ ನೋಡಿದ್ದರೆ ನನಗೆ ತಲೆ ಕೆಟ್ಟಿದೆಯೆಂಬ ಬಾವಿ ಕಟ್ಟೆಯ ಮಾತು ನಿಜವೆಂದೇ ತೀರ್ಮಾನಿಸುತ್ತಿದ್ದರು.

ಕಣ್ಣೊರೆಸಿಕೊಂಡು ನೋಡಿದರೆ, ಮುಖದ ಎದುರಿಗೇ ಒಂದು ಬರೀ ತೊಟ್ಟು. ಎಲೆ ತಿಂದು ಹೋಗಿದ್ದರೂ ತೊಟ್ಟು ಹಸಿರಾಗಿ ನಿಂತಿತ್ತು. ಎಲೆ ಕೂಡಿಕೊಳ್ಳುವ ಕತ್ತಿನಲ್ಲಿ ಸಾಸಿವೆಗಿಂತ ಸ್ವಲ್ಪ ದಪ್ಪದ ಎರಡು ಗಂಟು. ಅವುಗಳನ್ನು ನಾನು ಚಿಕ್ಕವಳಿದ್ದಾಗಿನಿಂದ ನೋಡಿದ್ದೆ, ನರಹುಲಿ ಅಂದುಕೊಂಡಿದ್ದೆ. ಅವತ್ತು ಆ ಗಂಟಿನ ಮೇಲೆ ಒಂದು ಹನಿ ನಿಂತಿತ್ತು. ಮಳೆಯಿಲ್ಲ, ಇಬ್ಬನಿಯ ಹೊತ್ತಲ್ಲ. ಪಕ್ಕದ ತೊಟ್ಟು ನೋಡಿದೆ, ಅಲ್ಲೂ ಹನಿ. ಹುಳ ಮುಟ್ಟದ ಎಳೆ ಎಲೆಯ ತೊಟ್ಟಿನಲ್ಲಿ ನೋಡಿದೆ, ಅಲ್ಲಿ ಬರೀ ತೇವ. ಎಲ್ಲಿ ಹುಳ ಹೆಚ್ಚು ತಿಂದಿತ್ತೋ ಅಲ್ಲಿ ಹನಿ ದಪ್ಪಗಿತ್ತು. ಬೆರಳಿಗೆ ತಾಗಿಸಿಕೊಂಡು ನಾಲಿಗೆಗೆ ಇಟ್ಟೆ. ಹರಳು ಗಿಡ ಎಂದರೆ ಕಹಿ ಎಂದು ತಿಳಿದವಳು ನಾನು. ಆ ಹನಿ ಸಿಹಿಯಾಗಿತ್ತು, ಜೋನಿಬೆಲ್ಲದ ನೀರಿನಷ್ಟು ಸಿಹಿ.

ಯಾರಿಗೆ ಈ ಸಿಹಿ? ಹೂವಿನಲ್ಲಿದ್ದರೆ ಜೇನಿಗೆ ಎನ್ನಬಹುದು. ಎಲೆಯ ಕತ್ತಿನಲ್ಲಿ, ಅದೂ ಮೈಯೆಲ್ಲ ತಿಂದು ಹೋಗುತ್ತಿರುವಾಗ, ಇದ್ದ ಸತ್ವವನ್ನೆಲ್ಲ ಸುರಿದು ಇಷ್ಟು ಸಿಹಿ ಯಾಕೆ ಮಾಡಿಡಬೇಕು? ಕೂತು ನೋಡಿದೆ. ತುಂಬ ಹೊತ್ತಿನ ಮೇಲೆ ಒಂದು ಕಪ್ಪಿರುವೆ ಕಾಂಡ ಹತ್ತಿ ಬಂತು. ಬದುವಿನ ಆಚೆಯ ಕತ್ತಾಳೆ ಪೊದೆಯಿಂದ ಬಂದದ್ದು, ದಾರಿ ಗೊತ್ತಿಲ್ಲದ ಅಲೆಮಾರಿ. ಹನಿಯ ಹತ್ತಿರ ನಿಂತು ಕುಡಿಯಿತು. ಕುಡಿದು ಇಳಿದು ಹೋಯಿತು. ಸಂಜೆ ಸೊಪ್ಪು ಹಾಕಿ ಮತ್ತೆ ಬಂದು ನೋಡಿದಾಗ, ಬದುವಿನಿಂದ ಗಿಡದವರೆಗೆ ತೆಳುವಾದ ಒಂದು ಸಾಲು.

ಮಾರನೆಯ ಬೆಳಿಗ್ಗೆ ನಾನು ಕಂಡದ್ದು ಇದು. ಹನಿ ಕುಡಿದ ಇರುವೆ ಸುಮ್ಮನೆ ಹೋಗುತ್ತಿರಲಿಲ್ಲ. ಎಲೆಯ ಅಡಿ, ಕಾಂಡದ ಸಂದು, ಎಲ್ಲ ಕಡೆ ಗಸ್ತು ತಿರುಗುತ್ತಿತ್ತು. ಎಳೆಯ ಕೊಂಡಿಹುಳ ಸಿಕ್ಕರೆ ಕಚ್ಚಿ ಎಳೆದುಕೊಂಡು ಹೋಗುತ್ತಿತ್ತು. ದೊಡ್ಡ ಹುಳಕ್ಕೆ ಮೂರು ನಾಲ್ಕು ಸೇರಿ ಮುತ್ತಿಕೊಂಡರೆ ಅದು ಮೈ ಕೊಡವಿ ನೂಲು ಬಿಟ್ಟು ಕೆಳಗೆ ಬೀಳುತ್ತಿತ್ತು. ನಾನು ಪುಟ್ಟಿ ಕೆಳಗಿಟ್ಟು ನಿಂತೆ. ಕೈ ಇಲ್ಲ, ಕಾಲಿಲ್ಲ, ಕೂಗಲು ದನಿಯಿಲ್ಲ. ಓಡಿಹೋಗುವ ಹಾಗಿಲ್ಲ. ತನ್ನ ವಿಷ ನಾಟದ ಹುಳಕ್ಕೆ ಈ ಗಿಡ ಆಳು ಇಟ್ಟಿತ್ತು, ಆಳಿಗೆ ಊಟ ಹಾಕುತ್ತಿತ್ತು, ಕಷ್ಟ ಹೆಚ್ಚಾದಾಗ ಊಟವನ್ನೂ ಹೆಚ್ಚಿಸಿ ದೂರದವರನ್ನು ಕರೆಯುತ್ತಿತ್ತು. ನಾವು ಕುದಿನೀರು ಹುಯ್ದು ಕೊಂದದ್ದು ಅದರ ಕಾವಲುಗಾರರನ್ನು. ನಾಚಿಕೆ ಆಗಲ್ವಾ ಎಂದು ಬೈದಿದ್ದೆನಲ್ಲ, ಕೈಮುಗಿಯಬೇಕು ಅನ್ನಿಸಿತು. ಅಕ್ಕಪಕ್ಕ ಯಾರೂ ಇಲ್ಲವೆಂದು ನೋಡಿ ಮುಗಿದೆ ಕೂಡ.

ಆದರೆ ಈ ಸಂತೋಷ ಹೆಚ್ಚು ಹೊತ್ತು ಉಳಿಯುವಂಥದ್ದಲ್ಲ ಎಂದು ನನಗೆ ಗೊತ್ತಿತ್ತು. ಒಳಗೆ ಅತ್ತೆಯ ಹುಳ ಕೊನೆಯ ಜ್ವರ ಎದ್ದು, ಅಂದರೆ ಕಡೆಯ ಸಲ ಪೊರೆ ಬಿಟ್ಟು, ಸರಸರನೆ ಸೊಪ್ಪು ತಿನ್ನುತ್ತಿದ್ದವು. ಹಣ್ಣಾಗಲು ಇನ್ನು ಕೆಲವೇ ದಿನ. ಹೊರಗೆ, ಗೋಡೆಯಿಂದ ಕೂಗಳತೆಯಲ್ಲಿ, ಇರುವೆಯ ಸಾಲು ದಿನದಿಂದ ದಿನಕ್ಕೆ ದಪ್ಪವಾಗುತ್ತಿತ್ತು. ಗಿಡದ ಬುಡದಲ್ಲಿ ಹೊಸ ಗೂಡಿನ ಮಣ್ಣೂ ಎದ್ದಿತು. ನಾನು ಅದರ ಮೇಲೆ ತರಗು ಮುಚ್ಚಿದೆ. ಅಮ್ಮಾಜಮ್ಮನ ಕಣ್ಣಿಗೆ ಮಣ್ಣೆರಚಲು ಆಗುತ್ತದೆಯೇ?

ಅವತ್ತು ಬೆಳಿಗ್ಗೆ ನಾನು ಸಾಲಿನಲ್ಲಿದ್ದೆ. ಅತ್ತೆ ಒಲೆಯ ಮೇಲಿಂದ ಇಳಿಸಿದ ನೀರಿನ ಬಿಂದಿಗೆಯನ್ನು ಬಟ್ಟೆ ಸುತ್ತಿ ಹಿಡಿದುಕೊಂಡು ಬಂದರು. ಹಬೆ ಏಳುತ್ತಿತ್ತು.

"ಪಕ್ಕಕ್ಕೆ ಬಾಮ್ಮ. ಮೈಮೇಲೆ ಬಿದ್ದೀತು" ಅಂದರು.

ನಾನು ಗಿಡದ ಮುಂದೆ ಹೋಗಿ ನಿಂತೆ. ಹೊಟ್ಟೆ ಅಷ್ಟು ದೊಡ್ಡದಾಗಿತ್ತು, ಗಿಡದ ಬುಡವೇ ಕಾಣದ ಹಾಗೆ ನಿಂತೆ.

"ಅತ್ತೆ, ಹುಯ್ಯೋದಾದ್ರೆ ಹುಯ್ಯಿರಿ. ಅದಕ್ಕೆ ಮುಂಚೆ ಇದನ್ನ ನಾಲಿಗೆಗೆ ಇಟ್ಟು ನೋಡಿ" ಎಂದು, ಒಂದು ತೊಟ್ಟು ಮುರಿದು ಅವರ ಮುಂದೆ ಹಿಡಿದೆ.

"ಹರಳು ತೊಟ್ಟು ನೆಕ್ಕಿಸ್ತೀಯಾ ನನ್ನ ಕೈಲಿ? ಸಾಯಿಸಬೇಕು ಅಂತಿದ್ದೀಯಾ?"

"ನಾನು ನೆಕ್ಕಿದ್ದೀನಿ. ಇಲ್ಲೇ ನಿಂತಿದ್ದೀನಲ್ಲ."

"ಬಸುರಿ ಹೆಂಗ್ಸು, ತಿನ್ನಬಾರದ್ದೆಲ್ಲ ತಿಂತೀಯಾ" ಎಂದು ಬೈಯುತ್ತಲೇ ಬಿಂದಿಗೆ ಕೆಳಗಿಟ್ಟರು. ಹನಿಯನ್ನು ಬೆರಳ ತುದಿಗೆ ತೆಗೆದುಕೊಂಡು ನಾಲಿಗೆಗೆ ಇಟ್ಟರು. ಇನ್ನೊಂದು ಸಲ ಇಟ್ಟರು. ನಾನು ತೋರಿಸುತ್ತಾ ಹೋದೆ: ತಿಂದ ಎಲೆಯ ಹನಿ, ತಿನ್ನದ ಎಲೆಯ ಬರೀ ತೇವ, ಇರುವೆಯ ಗಸ್ತು, ಇರುವೆ ಎಳೆದುಕೊಂಡು ಹೋಗುತ್ತಿದ್ದ ಕೊಂಡಿಹುಳದ ಮರಿ. ಸಾಲಿನ ತುದಿಯಲ್ಲಿ ಹೊಸ ಚಿಗುರು ಒಡೆದಿತ್ತು, ಅದನ್ನೂ ತೋರಿಸಿದೆ. ಅತ್ತೆ ಜೀವಮಾನವೆಲ್ಲ ಹುಳದ ಬಾಯಿಗೆ ಸೊಪ್ಪು ಹಿಡಿದವರು, ಯಾವುದು ಯಾರಿಗೆ ಊಟ ಹಾಕುತ್ತಿದೆ ಎಂಬುದು ಅವರಿಗೆ ಬೇಗ ಕಾಣುತ್ತದೆ. ಗಿಡದ ಪಕ್ಕ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು.

"ನಾವು ಹುಳ ಸಾಕ್ತೀವಿ. ಇದು ಇರುವೆ ಸಾಕ್ತದೆ" ಅಂದರು ಕೊನೆಗೆ. ಆಮೇಲೆ, "ನೋಡಿದೆಯಾ ಇದರ ಬುದ್ಧೀನ. ನಾನು ಇಷ್ಟು ವರ್ಷದಿಂದ ಇದರ ಪಕ್ಕದಲ್ಲೇ ಓಡಾಡಿದ್ದೀನಿ" ಅಂದರು.

ಅವರ ದನಿಯಲ್ಲಿ ಅಂಥ ಮೆಚ್ಚುಗೆಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ಒಳ್ಳೆಯ ಗೂಡು ಬಂದಾಗಲೂ ಹಾಗೆ ಅಂದವರಲ್ಲ.

"ನಿಮ್ಮ ಹುಳಕ್ಕೆ ಏನಾದ್ರೂ ಆದ್ರೆ?" ಎಂದು ನಾನೇ ಕೇಳಿದೆ. ಅದೂ ನನ್ನ ಮನಸ್ಸಿನಲ್ಲಿತ್ತು, ಸುಳ್ಳು ಹೇಳಲಾರೆ.

"ಅವತ್ತು ಸ್ಟಾಂಡಿಗೆ ಕಡ್ಡಿ ತಾಗಿಸಿದ್ದು ಇರುವೆ ಅಲ್ಲ, ನಾನು. ನಮ್ಮ ಬಾಗ್ಲು ನಾವು ಕಾಯಬೇಕು. ಅದರ ಬಾಗ್ಲು ಅದು ಕಾಯ್ಕೊಳ್ತಿದೆ." ಅತ್ತೆ ಎದ್ದು ಬಿಂದಿಗೆ ಎತ್ತಿಕೊಂಡರು. ನಾನು ಇನ್ನೂ ಗಿಡದ ಮುಂದಿನಿಂದ ಕದಲಿರಲಿಲ್ಲ. "ಯಾಕೆ ಹಂಗೆ ನಿಂತಿದ್ದೀಯ? ನೀರು ಕಾದಿದೆ, ಬಾ, ಬೆನ್ನಿಗೆ ಹುಯ್ತೀನಿ. ದಿನಾ ಸೊಂಟ ಹಿಡ್ಕೊಂಡು ಓಡಾಡ್ತೀಯಲ್ಲ."

ಬಚ್ಚಲಲ್ಲಿ ಬೆನ್ನಿಗೆ ನೀರು ಹುಯ್ಯುತ್ತಾ ಅವರು ಮೆಲ್ಲಗೆ ಹೇಳಿದರು: "ಬಾವಿ ಹತ್ರ ನೀನು ಅಂದಿದ್ದು ನನ್ನ ಕಿವಿಗೂ ಬಿದ್ದಿದೆ." ಹೇಳಿ ಇನ್ನೊಂದು ಚೊಂಬು ನೀರು ಸುರಿದರು.

ಆಮೇಲೆ ಅತ್ತೆ ಸೊಸೆ ಇಬ್ಬರೂ ಹೊತ್ತು ಹೊತ್ತಿಗೆ ಬಟ್ಟಲಿನ ನೀರು ನೋಡಿದೆವು, ಗೋಡೆಯ ಬಿರುಕಿಗೆ ಸುಣ್ಣ ಮೆತ್ತಿದೆವು, ಬಿದ್ದ ಕಡ್ಡಿಯನ್ನೆಲ್ಲ ಆರಿಸಿದೆವು. ಒಂದು ಇರುವೆಯೂ ಒಳಗೆ ಬರಲಿಲ್ಲ. ಹೊಲದಲ್ಲೇ ಕರೆದು ಸಿಹಿ ಕೊಡುವವರಿದ್ದಾಗ ನಮ್ಮ ಮನೆಯ ನೀರು ದಾಟಿ ಬರುವ ಕರ್ಮ ಅವಕ್ಕೇನು ಎಂದು ನಾನು ಅಂದುಕೊಂಡೆ. ಹುಳ ಗೂಡು ಕಟ್ಟಿದವು. ಹರಳು ಗಿಡ ಪಕ್ಕದ ಕವಲುಗಳಲ್ಲಿ ಚಿಗುರಿ, ತಡವಾಗಿಯಾದರೂ ಗೊಂಚಲು ಬಿಟ್ಟಿತು. ಮುಳ್ಳು ಮುಳ್ಳಿನ ಕಾಯಿ ಒಣಗಿದ ಮೇಲೆ, ಒಂದು ಹಿಡಿಯನ್ನು ಬೀಜಕ್ಕೆ ತೆಗೆದಿಟ್ಟು, ಉಳಿದದ್ದನ್ನು ಅಮ್ಮ ಮಾಡುತ್ತಿದ್ದ ಹಾಗೆ ಹುರಿದು ಕುಟ್ಟಿ ಕುದಿಸಿದೆ. ನಾನು ತುಂಬು ಬಸುರಿ, ಒಲೆಯ ಮುಂದೆ ಹೆಚ್ಚು ಹೊತ್ತು ಕೂರಲು ಆಗುತ್ತಿರಲಿಲ್ಲ. ಮೇಲೆ ತೇಲಿದ ಎಣ್ಣೆಯನ್ನು ಅತ್ತೆ ತೆಗೆದು ಒಂದು ಕುಡಿಕೆಗೆ ತುಂಬಿ ಬಟ್ಟೆ ಕಟ್ಟಿಟ್ಟರು.

ಸಂಕ್ರಾಂತಿ ಕಳೆದ ಮೇಲೆ ಹೆಣ್ಣುಮಗು ಹುಟ್ಟಿತು. ಕೂಸಿಗೆ ನೀರು ಹಾಕುವ ಹೊತ್ತಿಗೆ ಮಂಗಮ್ಮ ಸೆರಗಿನ ಮರೆಯಲ್ಲಿ ಒಂದು ಸೀಸೆ ಹರಳೆಣ್ಣೆ ಹಿಡಿದು ಬಂದರು. ಒಳ್ಳೆಯ ಹೆಂಗಸು, ಕೊಟ್ಟ ಮಾತು ಮರೆತಿರಲಿಲ್ಲ. ನಾನು ಒಳಗೆ ಕಂಬಳಿ ಹೊದ್ದು ಮಲಗಿದ್ದೆ, ಮಾತೆಲ್ಲ ಕೇಳುತ್ತಿತ್ತು. ಅತ್ತೆ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದರು. ಪಕ್ಕದಲ್ಲಿ ಆ ಕುಡಿಕೆ.

"ಇದನ್ನ ತಗೊಳ್ಳಿ ಅಮ್ಮಾಜಕ್ಕ" ಅಂದರು ಮಂಗಮ್ಮ.

"ಬೇಡ ಮಂಗಮ್ಮ. ಎಣ್ಣೆ ಬಂದಿದೆ."

"ಎಲ್ಲಿಂದ?"

"ಇನ್ನೆಲ್ಲಿಂದ? ತವರಿಂದ. ಅವರಮ್ಮ ಕಳಿಸಿದ್ದಾಳೆ."

ಊರಿಗೆಲ್ಲ ಗೊತ್ತಿರುವ ಬಾಯಿ ನನ್ನದು, ಅವತ್ತು ಒಂದು ಮಾತೂ ಹೊರಡಲಿಲ್ಲ. ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡು ಅತ್ತುಬಿಟ್ಟೆ. ಆಚೆ, ಅಮ್ಮಾಜಮ್ಮ ಕುಡಿಕೆಯಲ್ಲಿ ಬೆರಳದ್ದಿ, ನನ್ನ ಮಗಳ ನೆತ್ತಿಯ ಮೇಲೆ ಎಣ್ಣೆ ತಟ್ಟತೊಡಗಿದರು.